ಒಳಗೆ ಬಿಟ್ಟ ಬಟ್ಟೆ

ಬೀಗರ ಕಾರು ಬರುವ ಮೊದಲೇ ನನ್ನ ಕೈಕಾಲು ತಣ್ಣಗಾಗಿದ್ದವು. ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ನೆಂಟರ ತಲೆಯ ಮೇಲೆ ಬಿದ್ದಾವೆಂದು ಅಪ್ಪ ಹಿಂದಿನ ದಿನವೇ ತೆಂಗಿನ ಮರಗಳ ಕಾಯಿ ಕೀಳಿಸಿದ್ದ. ನನ್ನ ಹೆದರಿಕೆ ಮಾತ್ರ ಒಳಗೆ, ಮಂಚದ ಮೇಲೆ ಹಾಸಿದ್ದ ಗುಲಾಬಿ ಬಣ್ಣದ ಗೌನಿನ ಮೇಲಿತ್ತು.

ಅಂದು ನನ್ನ ತಂಗಿ ಅನಿತಾಳ ನಿಶ್ಚಿತಾರ್ಥ. ಗಂಡು ಶಿವರಾಜು, ತುರುವೇಕೆರೆ ಕಡೆಯವನು. ಅವನ ತಾಯಿ ಶಾಂತಕುಮಾರಿ ನಮ್ಮನ್ನು ತಿಪಟೂರಿನ ದೊಡ್ಡ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿ, ಗಾಜಿನ ಹಿಂದಿದ್ದ ಗೌನು ತೋರಿಸಿ, "ಹುಡುಗಿ ಇದ್ನೇ ಹಾಕ್ಬೇಕು. ನಮ್ ನೆಂಟ್ರೆಲ್ಲಾ ನೋಡ್ತಾರೆ. ಮನೇಲಿ ಹೊಲ್ದಿದ್ದು ಗಿಲ್ದಿದ್ದು ಆಗಾಕಿಲ್ಲ" ಎಂದಿದ್ದರು. ಹೊಲಿಯುವವಳು ನಾನು ಎದುರಿಗೇ ನಿಂತಿದ್ದೆ. ನಮ್ಮ ಬಿಳಿಗೆರೆಯ ಅರ್ಧ ಊರಿನ ರವಿಕೆ ನನ್ನ ಮಿಷನ್ನಿನ ಮೇಲೇ ಹೊಲಿಯುವುದು. ಮೈ ಉರಿದುಹೋಯಿತು. ಆದರೆ ಹೆಣ್ಣಿನ ಕಡೆಯವರಿಗೆ ಸಿಟ್ಟು ಬರಬಾರದಂತೆ, ನುಂಗಿಕೊಂಡೆ.

ಬೆಲೆ ಕೇಳಿ ಅಪ್ಪ, ಅಟ್ಟದ ಮೇಲಿದ್ದ, ಇನ್ನೂ ಕೊಬ್ಬರಿಯಾಗದ ಕಾಯನ್ನೇ ಮಾರಲು ಹೊರಟ. ನಾನು ಬಿಡಲಿಲ್ಲ. ಅನಿತಾಳನ್ನು ಮತ್ತೆ ಅದೇ ಅಂಗಡಿಗೆ ಕರೆದೊಯ್ದು, ಟ್ರಯಲ್ ರೂಮಿನಲ್ಲಿ ಗೌನಿನ ಒಳಗೂ ಹೊರಗೂ ಫೋಟೊ ತೆಗೆದು, ಗೇಣಿನಲ್ಲಿ ಅಳೆದುಕೊಂಡು ಬಂದೆ. ಅದೇ ಬಣ್ಣದ ನೆಟ್ ಬಟ್ಟೆ, ಅದೇ ತರಹದ ಮಣಿ ಹುಡುಕಿ ಹೊಲಿದೆ. ಶಾಂತಕುಮಾರಿ ಫೋನು ಮಾಡಿ ಕೇಳಿದಾಗ, "ಅಲ್ಲಿಂದ್ಲೇ ತಂದಿದೀವಿ ಅತ್ತೆ" ಎಂದುಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ್ದು ಒಂದೇ. ಅದಕ್ಕೇ ನಿದ್ದೆ ಹಾರಿಹೋಗಿತ್ತು. ಗೊತ್ತಾಗಿ ಸಂಬಂಧ ಮುರಿದರೆ ಅನಿತಾಳ ಗತಿ?

ಅನಿತಾ ಜಡೆ ಹಾಕಿಸಿಕೊಳ್ಳಲು ಪಕ್ಕದ ಸಿದ್ದಕ್ಕನ ಮನೆಗೆ ಹೋಗಿದ್ದಾಗ ಬೀಗರ ಕಾರು ಬಂತು. ಶಾಂತಕುಮಾರಿ ಹೂವಿನ ತಟ್ಟೆ ಹಿಡಿದು ಒಳಗೆ ಬಂದರು. ತಟ್ಟೆ ಇಟ್ಟು ಗೌನು ಎತ್ತಿಕೊಂಡರು.

"ಲೇಬಲ್ಲೇ ಇಲ್ವಲ್ಲ ರಾಧಾಮಣಿ?"

"ಕತ್ತಿಗೆ ಚುಚ್ತದೆ ಅಂದ್ಲು ಅತ್ತೆ, ಕತ್ತರಿಸಾಕ್ಬುಟ್ಟೆ." ಕನ್ನಡಿ ಮುಂದೆ ನಿಂತು ಕಲಿತಿಟ್ಟಿದ್ದ ಮಾತು.

ಅವರು ತಲೆಯಾಡಿಸಿದರು. ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು ಗೌನನ್ನು ತಿರುವಿ, ಪಕ್ಕೆಯ ಹೊಲಿಗೆಯ ಮೇಲೆ ಬೆರಳಿಟ್ಟರು.

ಅಲ್ಲಿ ಎರಡು ಬೆರಳಗಲ ಬಟ್ಟೆ ಮಡಿಚಿ ಬಿಟ್ಟಿದ್ದೆ. ನಮ್ಮ ಕಡೆ ಒಳಗೆ ಬಟ್ಟೆ ಬಿಡದೆ ಯಾರೂ ಹೊಲಿಯುವುದಿಲ್ಲ. ಇವತ್ತು ಕಡ್ಡಿಯಂತಿರುವ ಹುಡುಗಿ ನಾಳೆ ಬಸುರಿ, ಬಾಣಂತಿ ಆಗುತ್ತಾಳೆ, ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕು. ಅಂಗಡಿಯ ಗೌನಿನಲ್ಲಿ ಅಂಥದ್ದೇನೂ ಇರಲಿಲ್ಲ, ಫೋಟೊದಲ್ಲಿ ಕಣ್ಣಾರೆ ನೋಡಿದ್ದೆ. ಆದರೂ ಕತ್ತರಿ ಹಿಡಿದ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಆ ಕೈಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸಿತು.

ಅವರು ಬಾಗಿಲ ಚಿಲಕ ಹಾಕಿದರು.

"ರೆಡಿಮೇಡ್ನೋರು ಯಾವಾಗಿಂದ ಒಳಗೆ ಬಟ್ಟೆ ಬಿಡಾಕ್ ಸುರು ಮಾಡುದ್ರು?"

ನೆಲಕ್ಕೆ ಕುಸಿದು ಅವರ ಕಾಲು ಹಿಡಿದೆ. "ನಾನೇ ಹೊಲ್ದಿದ್ದು. ಸುಳ್ಳು ಹೇಳಿದ್ದೂ ನಾನೇ. ಅನಿತನ್ನ ಬ್ಯಾಡ ಅನ್ಬ್ಯಾಡಿ ಅತ್ತೆ."

"ಏಳು ಮ್ಯಾಕೆ. ಯಾರ್ಗೂ ಹೇಳಾಕಿಲ್ಲ ಬುಡು." ಅವರು ನಗುತ್ತಿದ್ದರು. "ಅಂಗಡೀದಕ್ಕಿಂತ ಚೆನ್ನಾಗೈತೆ."

ಅಳುವೇ ಬಂದಿತು ನನಗೆ. ಅವರು ಮಂಚದ ಮೇಲೆ ಕೂತು, ಗೌನನ್ನು ತೊಡೆಯ ಮೇಲೆ ಹರವಿಕೊಂಡು ಮಾತು ಮುಂದುವರಿಸಿದರು. "ನಮ್ ಮಗ್ಳು ಧನ್ಯಶ್ರೀ ಮದ್ವೆ ಬಟ್ಟೆ ಎಲ್ಲಾ ನೀನೇ ಹೊಲ್ಕೊಡು. ಅಂಗಡೀದು ಅಂತ ನಾನ್ ಹೇಳ್ಕತೀನಿ. ಆಮೇಲೂ ಏನಾರ ಇದ್ದೇ ಇರ್ತದೆ. ಆಗಾಕಿಲ್ಲ ಅಂತ ಒಂದಿನ ಅಂದ್ಯೋ, ಅನಿತಾ ನಮ್ಮನೇಲೇ ಇರ್ತಾಳಲ್ಲ? ಸುಳ್ಳು ಉಟ್ಕೊಂಡು ಬಂದೋಳು ಅಂತ ಅವಳ್ಗೆ ದಿನಾ ಜ್ಞಾಪ್ಸಾಕೆ ನಾನಿದೀನಿ."

ನನ್ನ ಕೆನ್ನೆ ತಟ್ಟಿ, ಚಿಲಕ ತೆಗೆದು ಹೋದರು.

ಸಂಬಂಧ ಮುರಿದೀತು ಎಂದು ಅಷ್ಟು ದಿನ ನಡುಗಿದವಳಿಗೆ, ಈಗ ಅದು ಉಳಿದೀತು ಎಂಬ ಭಯ ಹಿಡಿಯಿತು. ಇದು ಮೊದಲಿನದಕ್ಕಿಂತ ದೊಡ್ಡದು. ಅನಿತಾ ನಗುತ್ತಾ ಬಂದು ಗೌನು ಹಾಕಿಕೊಂಡಳು. "ಹೆಂಗೈತಕ್ಕ?" ಎಂದಳು. ಚೆನ್ನಾಗೈತೆ ಕಣೇ ಎಂದೆ. ಅವಳಿಗೆ ಎಲ್ಲ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಹೆಂಗಸರು ಬಂದು ಕರೆದುಕೊಂಡು ಹೋದರು.

ಶಾಮಿಯಾನದಡಿ ಎಲ್ಲರ ಕಣ್ಣೂ ಅವಳ ಮೇಲೆ. "ತಿಪ್ಟೂರ್ ಶೋರೂಮಿಂದು ಕಣ್ರೀ" ಎಂದು ಶಾಂತಕುಮಾರಿ ಎಲ್ಲರಿಗೂ ಹೇಳಿ, ನನ್ನ ಕಡೆ ನೋಡಿ ನಕ್ಕರು. ಶಿವರಾಜು ಉಂಗುರ ತೆಗೆದ. ಅನಿತಾ ಕೈ ಚಾಚಿದಳು.

"ಒಸಿ ತಡೀರಿ."

ನನ್ನದೇ ದನಿ ಅದು. ಕುರ್ಚಿ ಹಿಡಿದು ನಿಂತೆ. "ಈ ಗೌನು ಅಂಗಡೀದಲ್ಲ. ನಾನು ಹೊಲ್ದಿದ್ದು. ಅಂಗಡೀದು ಅಂತ ಸುಳ್ಳು ಹೇಳ್ದೋಳೂ ನಾನೇ. ಅತ್ತೆಗೆ ಆಗ್ಲೇ ಗೊತ್ತಾಗೈತೆ."

ಅಪ್ಪ ತಲೆ ತಗ್ಗಿಸಿದ. ನಾನು ತಂಗಿಯ ಬಾಳು ಹಾಳು ಮಾಡಿದೆನೇ ಅನ್ನಿಸಿತು.

ಅನಿತಾ ನನ್ನತ್ತ ತಿರುಗಲೇ ಇಲ್ಲ. ಕೈ ಚಾಚಿಕೊಂಡೇ ಶಿವರಾಜುವನ್ನು ನೋಡುತ್ತಿದ್ದಳು. ಅಕ್ಕ ಹೊಲಿದಿದ್ದಾದರೇನಂತೆ ಎಂದು ಅವನೊಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಉಂಗುರ ಹಿಡಿದುಕೊಂಡು ಅವರಮ್ಮನ ಮುಖ ನೋಡಿದ. ನೋಡುತ್ತಲೇ ನಿಂತ.

ಅನಿತಾ ಕೈ ಹಿಂದಕ್ಕೆ ತೆಗೆದುಕೊಂಡಳು.