ಪಕ್ಕದ ಸೀಟು

ಲಾರಿಗಳ ಎಸಿ ರಿಪೇರಿ ಮಾಡುವವನಿಗೆ ತಂಪಣ್ಣ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅವನ ಮುಖ ನೋಡಿಯಂತೂ ಇಟ್ಟಿರಲಿಕ್ಕಿಲ್ಲ. ಕಾದ ತಗಡಿನ ಸೂರಿನ ಕೆಳಗೆ ಬೆವರು ಸುರಿಸಿಕೊಂಡು ಕಂಡವರ ಕ್ಯಾಬಿನ್ ತಣ್ಣಗೆ ಮಾಡುವುದು ಅವನ ಕಸುಬು. ಜನ ಸಿಡುಕುವುದಕ್ಕೆ, ಜಗಳವಾಡುವುದಕ್ಕೆ, ಕಡೆಗೆ ಸಂಸಾರ ಮುರಿಯುವುದಕ್ಕೂ ಸೆಖೆಯೇ ಕಾರಣ ಎಂದು ಅವನು ನಂಬಿದ್ದ. ಹೊಟ್ಟೆಪಾಡಿನ ಕಸುಬು ತಲೆಗೇರಿದರೆ ಹೀಗೇ ಆಗುವುದು.

ಅದಕ್ಕೇ ಅಕ್ಕ "ಆ ಲಾರೀಲಿ ಉಸಿರು ಕಟ್ಟುತ್ತೆ ಕಣೋ" ಎಂದಾಗ ಅವನು ಕೇಳಿದ್ದು ಒಂದೇ: "ಗಾಳಿ ಬಿಸಿ ಬರುತ್ತಾ?"

ಅಕ್ಕ ಅವನ ಮುಖ ನೋಡಿ "ಹೂಂ" ಎಂದಿದ್ದಳು.

ಭಾವನದು ಸ್ವಂತ ಲಾರಿ, ದೂರದೂರಿಗೆ ಸರಕು ಸಾಗಿಸುತ್ತಿದ್ದ. ಎರಡು ವರ್ಷದಿಂದ ಅಕ್ಕನನ್ನೂ ಜೊತೆಗೇ ಕರೆದೊಯ್ಯುತ್ತಿದ್ದ. ಹೆಂಡತಿಯನ್ನು ಒಂದು ದಿನವೂ ಬಿಟ್ಟಿರಲಾರ ಎಂದು ನೆಂಟರೆಲ್ಲ ಬಾಯ್ತುಂಬ ಹೊಗಳುವರು. ಅಂಥ ಅಕ್ಕ, ನಾಲ್ಕು ದಿನ ಇದ್ದು ಹೋಗುತ್ತೇನೆಂದು ತಮ್ಮನ ಮನೆಗೆ ಬಂದವಳು, ತಿಂಗಳಾದರೂ ಹೊರಡುವ ಮಾತೆತ್ತಲಿಲ್ಲ. ಇದ್ದದ್ದೇ ಎರಡು ಕೋಣೆಯ ಮನೆ. ಅಕ್ಕ ಯಾವಾಗಲೂ ಬಾಗಿಲ ಪಕ್ಕದಲ್ಲೇ ಕೂರುವಳು. ಚಿಲಕ ಹಾಕಿದರೆ ಸದ್ದಿಲ್ಲದೆ ಎದ್ದು ತೆಗೆಯುವಳು. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲು ಪೂರ್ತಿ ಮುಚ್ಚಿಕೊಳ್ಳದಂತೆ ಬಕೆಟ್ ಅಡ್ಡ ಇಡುವಳು. ತಂಪಣ್ಣನ ಹೆಂಡತಿ ಮೊದಮೊದಲು ನಕ್ಕಳು, ಆಮೇಲೆ ಮುಖ ಗಂಟು ಹಾಕಿಕೊಂಡಳು.

"ಅತ್ತಿಗೆ ನಮ್ಮನೆ ಬಾಗಿಲು ಕಾಯೋಕೆ ಬಂದಿದಾರಾ? ಇನ್ನೆಷ್ಟು ದಿನ ಇರ್ತಾರೆ, ನೀವಾದ್ರೂ ಕೇಳಿ."

ತಂಪಣ್ಣ ಇಕ್ಕಟ್ಟಿಗೆ ಸಿಕ್ಕಿದ. ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ ಅಕ್ಕನಿಗೆ ಹೊರಡು ಎನ್ನುವುದು ಹೇಗೆ? ಕೊನೆಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ಎಸಿ ಸರಿ ಮಾಡಿಕೊಟ್ಟರೆ ಲಾರಿಯಲ್ಲೂ ತಂಪು, ಮನೆಯಲ್ಲೂ ತಂಪು. "ರೆಡಿ ಆದ್ರೆ ಭಾವನ ಜೊತೆ ಹೋಗ್ತೀಯಾ ಅಕ್ಕಾ?" ಎಂದು ಕೇಳಿದ.

"ನೀನು ಹೋಗು ಅಂದ್ರೆ ಹೋಗ್ತೀನಿ" ಎಂದಳು. ಅದನ್ನವನು ಒಪ್ಪಿಗೆ ಎಂದುಕೊಂಡ.

ಮರುದಿನ ಬೆಳಿಗ್ಗೆಯೇ ಭಾವ ಲಾರಿ ತಂದು ನಿಲ್ಲಿಸಿದ. ಕಂಪ್ರೆಸರ್ ಜಾಮ್ ಆಗಿತ್ತು. ಒಳಗೆ ಸವೆದ ಲೋಹದ ಪುಡಿ ಪೈಪುಗಳಿಗೆಲ್ಲ ಹರಡಿತ್ತು. ತಂಪಣ್ಣ ಹೊಸ ಕಂಪ್ರೆಸರ್ ಕೂರಿಸಿದ, ಪೈಪುಗಳನ್ನು ತೊಳೆದ, ಮುಂದಿನ ಕಂಡೆನ್ಸರನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಿದ. ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಎಳೆದರೆ ಅದಕ್ಕೆ ಧೂಳು ಕಂಬಳಿಯಂತೆ ಅಂಟಿತ್ತು. ಬೇರೆಯವರ ಗಾಡಿಯಾಗಿದ್ದರೆ ಗಾಳಿ ಹೊಡೆದು ಅದನ್ನೇ ಕೂರಿಸುತ್ತಿದ್ದ. ಅಕ್ಕ ಕೂರುವ ಗಾಡಿಯೆಂದು ಹೊಸದೇ ಹಾಕಿದ. ಅವನು ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿಕೊಂಡಿದ್ದಷ್ಟು ಹೊತ್ತೂ ಪಕ್ಕದ ಸೀಟಿನ ಬಾಗಿಲು ಹಾರು ಹೊಡೆದೇ ಇತ್ತು, ಹಾಗಾಗಿ ಅವನು ಅದರ ಒಳಮೈಯನ್ನು ನೋಡಲಿಲ್ಲ.

ಇಳಿಹೊತ್ತಿಗೆ ಅಕ್ಕ ಬ್ಯಾಗು ಹಿಡಿದು ಬಂದು, ಲಾರಿಯ ಎದುರಿಗೆ ಪೇರಿಸಿದ್ದ ಹಳೇ ಟೈರುಗಳ ಮೇಲೆ ಕೂತಳು.

ತಂಪಣ್ಣನದೊಂದು ಪದ್ಧತಿ ಇತ್ತು. ಗ್ಯಾಸ್ ತುಂಬಿದ ಮೇಲೆ ಪಕ್ಕದ ಸೀಟಿನಲ್ಲಿ ತಾನೇ ಕೂತು, ಬಾಗಿಲು ಗ್ಲಾಸು ಎಲ್ಲ ಮುಚ್ಚಿ, ಕತ್ತಿನ ಬೆವರು ಆರುವವರೆಗೆ ಕಾಯದೆ ಯಾವ ಗಾಡಿಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ಭಾವ ಸ್ಟೀರಿಂಗ್ ಹಿಂದೆ ಕೂತು ಇಂಜಿನ್ ಚಾಲೂ ಮಾಡಿದ. ತಂಪಣ್ಣ ಹತ್ತಿ ಬಾಗಿಲೆಳೆದುಕೊಂಡ. ತಣ್ಣನೆಯ ಗಾಳಿ ಮುಖಕ್ಕೆ ರಾಚಿತು, ಕತ್ತು ಆರಿತು. ಅವನಿಗೆ ಹೆಮ್ಮೆಯಾಯಿತು.

"ಹೇಗಿದೆ ಭಾವ?"

"ಭೇಷ್. ಇನ್ನು ನಿಮ್ಮಕ್ಕನ ಬಾಯಿ ಮುಚ್ಚಿತು."

ಹೊರಗೆ ಇಳಿದು ಗ್ಯಾಸಿನ ಒತ್ತಡದ ಮೀಟರ್ ನೋಡೋಣವೆಂದು ತಂಪಣ್ಣ ಬಾಗಿಲಿಗೆ ಕೈ ಹಾಕಿದ. ಕೈಗೆ ಏನೂ ಸಿಗಲಿಲ್ಲ. ಬಗ್ಗಿ ನೋಡಿದರೆ ಬಾಗಿಲು ತೆಗೆಯುವ ಹಿಡಿ ಇರಬೇಕಾದ ಜಾಗದಲ್ಲಿ ಎರಡು ಸ್ಕ್ರೂ ತೂತು, ಮೇಲೆ ಅಚ್ಚುಕಟ್ಟಾಗಿ ಅಂಟಿಸಿದ ಟೇಪು. ಗ್ಲಾಸಿನ ಸ್ವಿಚ್ ಒತ್ತಿದ, ಗ್ಲಾಸು ಅಲುಗಲಿಲ್ಲ.

"ಹಿಡಿ ಮುರಿದಿದೆಯಲ್ಲ ಭಾವ." ಆ ಕ್ಷಣಕ್ಕೆ ಅವನ ತಲೆಯಲ್ಲಿ ಓಡಿದ್ದು, ಸೂರಿನ ಹಿಂದೆ ನಿಂತಿದ್ದ ಗುಜರಿ ಲಾರಿಯ ಹಿಡಿ ಇದಕ್ಕೆ ಸರಿಯಾಗಿ ಕೂರುತ್ತದೆ ಎಂಬುದು.

"ಮುರಿದಿಲ್ಲ, ತೆಗೆಸಿದೀನಿ" ಎಂದ ಭಾವ, ಹವಾಮಾನ ಹೇಳುವವನಂತೆ. "ನಿಮ್ಮಕ್ಕ ಗಾಡಿ ನಿಂತಲ್ಲೆಲ್ಲ ಇಳಿದುಬಿಡೋಳು. ಒಂದ್ಸಲ ಸಿಗ್ನಲ್‌ನಲ್ಲಿ ಇಳಿದು ನಡೆದೇ ಬಿಟ್ಟಿದ್ಲು. ಈಗ ಆ ರಗಳೆ ಇಲ್ಲ. ಊಟಕ್ಕೋ ಬಚ್ಚಲಿಗೋ ಬೇಕಾದಾಗ ನಾನೇ ಸುತ್ತಿ ಬಂದು ತೆಗೀತೀನಿ, ರಾಣಿ ಥರ ಇಳೀತಾಳೆ."

"ಈಗ ನಂಗೆ ಇಳೀಬೇಕು ಭಾವ."

"ಇಳೀವಂತೆ, ಏನವಸರ?" ಅಷ್ಟರಲ್ಲಿ ಭಾವನ ಫೋನು ಬಡಿದುಕೊಂಡಿತು. ಯಾರೋ ಲೋಡಿನ ಏಜೆಂಟು. ಭಾವ ಸೀಟಿಗೊರಗಿ ಹರಟೆಗೆ ಕೂತ. ಆಚೆ ಬಾಗಿಲಿಗೆ ಅಡ್ಡ ಅವನ ಡೊಳ್ಳು ಹೊಟ್ಟೆ, ಈಚೆ ಹಿಡಿಯಿಲ್ಲದ ಬಾಗಿಲು. ತಂಪಣ್ಣ ಎರಡು ಸಲ "ಭಾವ" ಎಂದ. ಭಾವ ಕಿವಿಯಿಂದ ಫೋನು ತೆಗೆಯದೆ, ಸುಮ್ಮನೆ ಕೂರು ಎಂದು ಕೈ ಮಾಡಿದ.

ಆರಿದ್ದ ಕತ್ತು ಮತ್ತೆ ಬೆವರಿತು. ತಾನೇ ಕೈಯಾರೆ ಹಾಕಿದ ಪಾರ್ಟುಗಳಿಂದ ತಣ್ಣನೆಯ ಗಾಳಿ ಬುಸುಗುಡುತ್ತಿತ್ತು, ಅವನಿಗೆ ಮಾತ್ರ ಉಸಿರು ಎದೆಯಿಂದ ಕೆಳಗಿಳಿಯಲಿಲ್ಲ. ಅವನ ಬೆರಳು ತನ್ನಷ್ಟಕ್ಕೆ ತಾನೇ ಟೇಪಿನ ಅಂಚನ್ನು ಕೆರೆಯುತ್ತಿತ್ತು. ಆ ಅಂಚು ಮೊದಲೇ ಕೆರೆದು ಕೆರೆದು ಸವೆದಿತ್ತು. ಅವನಿಗೆ ಬಚ್ಚಲ ಬಾಗಿಲಿಗೆ ಅಡ್ಡ ಇಟ್ಟ ಬಕೆಟ್ ನೆನಪಾಯಿತು. ಮುಂದಿನ ಗಾಜಿನಾಚೆ ಅಕ್ಕ ಎದ್ದು ನಿಂತಿದ್ದಳು. ಅವನ ಕೈ ಎಲ್ಲಿದೆ ಎಂಬುದನ್ನೇ ನೋಡುತ್ತಿದ್ದಳು.

ಭಾವ ಮಾತು ಮುಗಿಸಿ, ಇಳಿದು, ನಿಧಾನಕ್ಕೆ ಸುತ್ತಿ ಬಂದು ಬಾಗಿಲು ತೆಗೆದ. "ಬಾ ಇಳಿ. ಲೇ, ನೀನು ಹತ್ತು."

ಅಕ್ಕ ಬ್ಯಾಗು ಎತ್ತಿಕೊಂಡಳು. ತಂಪಣ್ಣ ಕೆಳಗಿಳಿದವನೇ ಬಾಗಿಲನ್ನು ದೂಡಿ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಗಾಡಿ ರೆಡಿ ಇದೆ, ತಗೊಂಡು ಹೋಗಿ. ಅಕ್ಕ ಬರಲ್ಲ."

"ಯಾರು ಹೇಳಿದ್ದು?"

"ನಾನು. ಆ ಸೀಟಲ್ಲಿ ಕೂತು ಬಂದಿದೀನಿ ಭಾವ."

ಭಾವ ನಕ್ಕ. "ನಿನ್ನ ಹೆಂಡತೀನೇ ಫೋನ್ ಮಾಡಿ ಕರ್ಕೊಂಡು ಹೋಗಿ ಅಂದಿದಾಳೆ. ಎಷ್ಟು ದಿನ ಇಟ್ಕೋತೀಯೋ ನೋಡ್ತೀನಿ." ತಂಪಣ್ಣ ಅಲ್ಲಿಂದ ಕದಲಲಿಲ್ಲ. ಭಾವ ಸುತ್ತಿ ಹೋಗಿ ಹತ್ತಿ, ತಂಪು ಗಾಳಿ ಕುಡಿಯುತ್ತಾ ಹೊರಟುಹೋದ.

ತಂಪಣ್ಣ ಅಕ್ಕನ ಕೈಯಿಂದ ಬ್ಯಾಗು ತೆಗೆದುಕೊಂಡ. "ಹಿಡಿ ತೆಗೆಸಿದಾನೆ ಅಂತ ಒಂದು ಮಾತು ಹೇಳಬಾರದಿತ್ತಾ ಅಕ್ಕಾ?"

"ಹೇಳಿದ್ರೆ ಏನು ಮಾಡ್ತಿದ್ದೆ?" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೊಸ ಹಿಡಿ ಹಾಕಿ ಕಳಿಸ್ತಿದ್ದೆ."

ತಂಪಣ್ಣ ಹಿಂದೆ ನಿಂತ ಗುಜರಿ ಲಾರಿಯ ಕಡೆ ನೋಡದೆ, ತಲೆ ತಗ್ಗಿಸಿಕೊಂಡು ಅಕ್ಕನ ಜೊತೆ ಮನೆಯ ದಾರಿ ಹಿಡಿದ.