ಸೀಸ ಕಚ್ಚಿದ್ದು ನಾನೇ

ನಾನು ಬಂಡೆ ಕೊರೆಯುವ ಯಂತ್ರದ ಬಿಟ್. ಬಳೆಯಂಥ ಉಕ್ಕಿನ ಮೈ, ಅಂಚಿನ ತುಂಬ ವಜ್ರದ ಹರಳು. ವಜ್ರ ಎಂದಾಕ್ಷಣ ಕಣ್ಣರಳಿಸಬೇಡಿ, ಅದು ಉಂಗುರಕ್ಕೆ ಬಾರದ ಪುಡಿ. ಕಾರ್ಖಾನೆಯಲ್ಲಿ ಹುಟ್ಟಿದ ದಿನ ನನಗೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿದರು. ನನಗೆ ಸಿಕ್ಕ ಮರ್ಯಾದೆ ಅಷ್ಟೇ.

ಬಂದು ಬಿದ್ದದ್ದು ದುರ್ಗದ ಕಡೆಯ ಸೀಸದಗುಡ್ಡಕ್ಕೆ. ಅಲ್ಲಿ ಹಿಂದೆ ಸೀಸ, ಸತುವಿನ ಗಣಿ ಇತ್ತಂತೆ. ಅದು ಮುಚ್ಚಿದ ಮೇಲೂ ಕೆಲವು ಸಂಸಾರಗಳು ಗಣಿಯ ಲೈನ್ ಮನೆಗಳಲ್ಲೇ ಉಳಿದಿದ್ದವು. ಈಗ ಹೊಸ ಕಂಪನಿ ಕೊರೆದು ನೋಡಲು ಬಂದಿತ್ತು. ಅದಿರು ಸಿಕ್ಕರೆ ಗಣಿ ತೆರೆಯುತ್ತದೆ, ಮನೆ ಉಳಿಯುತ್ತದೆ. ಇಲ್ಲವಾದರೆ ಎಲ್ಲರೂ ಖಾಲಿ ಮಾಡಬೇಕು. ಯಂತ್ರ ನಡೆಸುತ್ತಿದ್ದ ಪಾಲಯ್ಯನೂ ಅದೇ ಲೈನಿನವನು.

ನಾನು ತಿರುಗುತ್ತ ಇಳಿದರೆ ನನ್ನ ನಡುವಿನ ತೂತಿನಿಂದ ಕಲ್ಲಿನ ಕೋಲು ಕೊಳವೆಯೊಳಗೆ ಏರುತ್ತದೆ. ಅದನ್ನು ಮೇಲೆತ್ತಿ ತಟ್ಟೆಯಲ್ಲಿ ಜೋಡಿಸಿದರೆ ಭೂವಿಜ್ಞಾನಿ ಶೈಲಜಾ ಮೇಡಂ ನೋಡುತ್ತಾರೆ. ನನ್ನನ್ನು ತಣ್ಣಗಿಡಲು ಬಿಟ್ಟ ನೀರು ಕೆಸರಾಗಿ ಮೇಲಿನ ಗುಂಡಿಗೆ ಬರುತ್ತದೆ. ಮೆತ್ತನೆಯ ಅದಿರು ಪುಡಿಯಾಗಿ ನೀರಲ್ಲಿ ಹೋಗಬಹುದು, ಆ ಕೆಸರನ್ನೂ ಚೀಲಕ್ಕೆ ತುಂಬಿಡಿ ಎಂದು ಮೇಡಂ ಹೇಳಿಯೇ ಇದ್ದರು.

ಎಷ್ಟು ಕೊರೆದರೂ ಬರೀ ದರಿದ್ರ ಕರಿಕಲ್ಲು. ನನ್ನ ಹಲ್ಲು ಸವೆದುಹೋಯಿತು, ತಲೆ ಕೆಟ್ಟುಹೋಯಿತು. ಒಂದು ಶುಕ್ರವಾರ ಮಾತ್ರ ಬಾಯಿಗೆ ಮೆತ್ತಗೆ, ಭಾರವಾಗಿ ಏನೋ ಹತ್ತಿತು. ಸೀಸ! ಅಯ್ಯೋ, ಆ ಖುಷಿ ಏನು ಹೇಳಲಿ. ಆದರೆ ಅದು ಪುಡಿಪುಡಿಯಾಗಿ ನೀರಿನೊಂದಿಗೆ ಹೊರಟೇಹೋಯಿತು. ಕೊಳವೆ ಖಾಲಿ ಬಂತು.

ಪಾಲಯ್ಯ ಇಣುಕಿ ನೋಡಿ, ತಾತಂದಿರು ತೋಡಿದ ಹಳೆ ಸುರಂಗ, ಬರೀ ಪೊಳ್ಳು ಅಂದುಬಿಟ್ಟ. ಆ ಗುಡ್ಡದಲ್ಲಿ ಏನು ಖಾಲಿ ಬಂದರೂ ತಾತಂದಿರ ಮೇಲೇ ಹಾಕುವುದು! ಪೊಳ್ಳಿನಲ್ಲಿ ಕೆಸರೆಲ್ಲಿಂದ ಬರುತ್ತದೋ ಮಹರಾಯ ಎಂದು ನಾನು ಒಳಗೊಳಗೇ ಹೊಯ್ಕೊಂಡೆ. ಅವನು ಚೀಲ ತುಂಬಲಿಲ್ಲ.

ಶುಕ್ರವಾರ ಲೈನಿನ ಹೆಂಗಸರು ಗಣಿಮಾರಮ್ಮನ ಕಟ್ಟೆ ಸಾರಿಸುತ್ತಾರೆ. ಪಾಲಯ್ಯನ ಹೆಂಡತಿ ದುರುಗಮ್ಮ ಗುಂಡಿಯ ನುಣುಪು ಕೆಸರನ್ನೆಲ್ಲ ಬಾಚಿ, ಸಗಣಿ ಕಲಸಿ ಬಳಿದಳು. ಮಿಂಚುತ್ತಿತ್ತು. ಅಲ್ಲಿನ ಮಣ್ಣೆಲ್ಲ ಕಾಗೆಬಂಗಾರದಿಂದ ಮಿಂಚುವುದೇ ಆದ್ದರಿಂದ ಯಾರೂ ಗಮನಿಸಲಿಲ್ಲ.

ಸೋಮವಾರ ಮೇಡಂ ಖಾಲಿ ತಟ್ಟೆ ನೋಡಿದರು.

"ಪೊಳ್ಳಾಗಿದ್ರೆ ಕೊಳವೆ ಧಡಕ್ ಅಂತ ಬೀಳಬೇಕಿತ್ತು. ಬಿತ್ತಾ?"

"ಇಲ್ಲ ಮೇಡಂ. ಮೆಲ್ಲಗೆ ಇಳೀತು."

"ಕೆಸರೆಲ್ಲಿ?"

ಪಾಲಯ್ಯ ಕಟ್ಟೆಯ ಕಡೆ ಕೈ ತೋರಿಸಿದ. ಮೇಡಂ ಅಲ್ಲೇ ತಲೆ ಹಿಡಿದು ಕೂತರು. ಸಗಣಿ, ಹಳೆ ಮಣ್ಣು ಎಲ್ಲ ಬೆರೆತದ್ದನ್ನು ಪರೀಕ್ಷೆಯವರು ಒಪ್ಪುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಕೊರೆಯೋಣವೆಂದು ಅವರು ಕಂಪನಿಯನ್ನು ಅಂಗಲಾಚಿದರು. ಸಾಕು, ಯಂತ್ರ ಬಿಚ್ಚಿ ಎಂಬ ಉತ್ತರ ಬಂತು.

ಸವೆದ ಬಿಟ್‌ಗಳನ್ನು ದೇವಿಗೆ ಒಪ್ಪಿಸುವುದು ಅಲ್ಲಿನ ವಾಡಿಕೆ. ಪಾಲಯ್ಯ ನನ್ನನ್ನು ಕಟ್ಟೆಯ ಮೂಲೆಯಲ್ಲಿಟ್ಟ. ನಡೆದದ್ದನ್ನು ಅವನು ಹೆಂಡತಿಗೆ ಹೇಳಲೇ ಇಲ್ಲ, ಹೇಳುವ ಧೈರ್ಯ ಅವನಿಗೆಲ್ಲಿತ್ತು?

ಮನೆ ಖಾಲಿ ಮಾಡಿದ ದಿನ ಲಾರಿ ನಿಲ್ಲಿಸಿಕೊಂಡೇ ದುರುಗಮ್ಮ ಕಡೆಯ ಸಲ ಕಟ್ಟೆಗೆ ನೀರು ಹಾಕಿ ತಿಕ್ಕಿದಳು. ನನಗೂ ಕುಂಕುಮವಿಟ್ಟಳು.

"ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ. ಒಂದು ಚೂರಾದ್ರೂ ತೋರಿಸಬಾರದಿತ್ತೇನವ್ವ?"

ಪಾಲಯ್ಯ ಲಾರಿಯ ಕಡೆ ಮುಖ ತಿರುಗಿಸಿಕೊಂಡ. ಕಲ್ಲು ಕಡಿಯುವ ಬಾಯಿ ಕೊಟ್ಟವರು ನನಗೆ ಒಂದು ಮಾತು ಕೊಟ್ಟಿದ್ದರೆ ಏನು ಹೋಗುತ್ತಿತ್ತು? ಮುಗಿದ ಅವಳ ಕೈಗಳ ತುಂಬ ಸೀಸ ಹೊಳೆಯುತ್ತಿತ್ತು. ದುರುಗಮ್ಮ ಅದನ್ನು ಸೆರಗಿಗೆ ಒರೆಸಿಕೊಂಡು ಲಾರಿ ಹತ್ತಿದಳು.