ಸ್ಟಾಫ್ ರೂಮಿನ ಗಾಳಿ

ಒಗೆದು ಹಗ್ಗಕ್ಕೆ ಹಾಕಿದ ಬನಿಯನ್ ಒಣಗುವಷ್ಟರಲ್ಲಿ ಹಳದಿಗಟ್ಟುತ್ತಿತ್ತು. ಗೋಡೆಗೆ ಬೆರಳಿಟ್ಟರೆ ಜಿಡ್ಡು ಅಂಟುತ್ತಿತ್ತು. ಗಣಪತಿಯ ಫೋಟೋದ ಗಾಜನ್ನು ಸೋಮವಾರ ಒರೆಸಿದರೆ ಗುರುವಾರದ ಹೊತ್ತಿಗೆ ಗಣಪತಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮೂಗು ಸೀಟಿದರೆ ಕರವಸ್ತ್ರದ ಮೇಲೆ ಮಸಿ.

ತಮಿಳು ಸೀಮೆಯ ವಡಪಳನಿಯ ಆ ಹೋಟೆಲಿನಲ್ಲಿ ಅಡುಗೆಮನೆ ಕೆಳಗೆ, ಅದರ ನೆತ್ತಿಯ ಮೇಲೆ ಕೆಲಸಗಾರರ ಕೋಣೆ. ಎಂಟು ಜನ, ಎಂಟು ಚಾಪೆ. ಬೀದಿಯ ಕಡೆಗೆ ಒಂದು ಕಿಟಕಿ. ಹಿಂದಿನ ಗೋಡೆಯಲ್ಲಿ, ಮೇಲೆ, ಗಾಳಿಯಾಡಲು ಒಂದು ಸಾಲು ತೂತಿನ ಜಾಲಿ ಇಟ್ಟಿಗೆ. ಮೊದಲು ಅಡುಗೆಮನೆಯ ಹೊಗೆಯ ಕೊಳವೆ ತಾರಸಿಯವರೆಗೂ ಹೋಗುತ್ತಿತ್ತು. ಹಿಂದೆ ಹೊಸ ಫ್ಲ್ಯಾಟುಗಳು ಎದ್ದವು. ಅಲ್ಲಿಯವರು ಬಾಲ್ಕನಿಗೆ ಮೆಣಸಿನ ಘಾಟು ಬರುತ್ತದೆಂದು ಗಲಾಟೆ ಮಾಡಿದರು. ಕೊಳವೆಯನ್ನು ಇನ್ನೂ ಎತ್ತರಕ್ಕೆ ಏರಿಸಬೇಕಿತ್ತು. ಖರ್ಚು ನೋಡಿ ಧಣಿ ಜಯಪ್ರಕಾಶರು ಅದನ್ನು ಮೊದಲ ಮಹಡಿಯ ಮಟ್ಟಕ್ಕೆ ಕತ್ತರಿಸಿ, ಬಾಯಿಯನ್ನು ಈ ಕೋಣೆಯ ಗೋಡೆಯ ಕಡೆಗೆ ತಿರುಗಿಸಿಬಿಟ್ಟರು. ಫ್ಲ್ಯಾಟಿನವರು ಸುಮ್ಮನಾದರು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ಒಗ್ಗರಣೆ, ಕರಿದ ಎಣ್ಣೆ, ಸುಟ್ಟ ಹಿಟ್ಟು ಎಲ್ಲವೂ ಜಾಲಿಯ ತೂತುಗಳಿಂದ ಕೋಣೆಗೆ ಇಳಿಯತೊಡಗಿತು. ಪೇಪರು ತುರುಕಿದರು. ಎಣ್ಣೆ ಕುಡಿದು ಅದು ಕಳಚಿ ಬಿತ್ತು.

ಸಪ್ಲೈಯರ್ ಮಿಥುನ್ ಲೇಬರ್ ಆಫೀಸಿಗೆ ಅರ್ಜಿ ಬರೆದ. ಏಳು ಜನ ಸಹಿ ಹಾಕಲು ತಯಾರಿದ್ದರು. ತಡೆದವನು ಕೃಷ್ಣರಾಜ.

ಕೃಷ್ಣರಾಜ ದೋಸೆ ಕಾವಲಿಯ ಮುಂದೆ ಇಪ್ಪತ್ತೆರಡು ವರ್ಷ ನಿಂತವನು. ಬೈಂದೂರಿನ ಕಡೆಯವನು. ಧಣಿಯ ಊರೂ ಅವನ ಊರೂ ಅಕ್ಕಪಕ್ಕ. ತಾಯಿ ತೀರಿಕೊಂಡಾಗ ಧಣಿಯೇ ತಮ್ಮ ಕಾರಿನಲ್ಲಿ ಕೂರಿಸಿ ಕಳಿಸಿದ್ದರು. ಆ ದಾರಿಯನ್ನು ಅವನು ಮರೆತಿರಲಿಲ್ಲ.

"ಆಫೀಸು ಗೀಫೀಸು ಎಂತಕ್ಕೆ ಮಾರಾಯ? ನಾನು ಧಣಿ ಹತ್ರ ಮಾತಾಡ್ತೇನೆ. ನನ್ನ ಮಾತು ತೆಗೆದುಹಾಕೋದಿಲ್ಲ ಅವರು," ಎಂದ.

ಧಣಿ ತೆಗೆದುಹಾಕಲಿಲ್ಲ. ಒಂದೇ ವಾರದಲ್ಲಿ ಬಿಳಿ ಬಣ್ಣದ, ಸೊಂಟದೆತ್ತರದ ಒಂದು ಯಂತ್ರ ಬಂತು. ಮ್ಯಾನೇಜರ್ ಉಪೇಂದ್ರ ಅದನ್ನು ಮೂಲೆಯಲ್ಲಿಟ್ಟು ಪ್ಲಗ್ ಚುಚ್ಚಿದ. ಹಸಿರು ದೀಪ ಹೊತ್ತಿತು. ಸಣ್ಣಗೆ ಗುಂಯ್ ಎಂದಿತು. ತಣ್ಣನೆಯ ಗಾಳಿ ಬಂತು.

"ಗಾಳಿ ಶುದ್ಧ ಮಾಡುವ ಮಿಷನ್. ನಮ್ಮ ಮನೆಯಲ್ಲೂ ಉಂಟು," ಎಂದರು ಧಣಿ. "ಒಂದೇ ಮಾತು. ಕಿಟಕಿ ತೆರೀಬಾರದು. ತೆರೆದರೆ ಇದು ಬೀದಿ ಗಾಳಿ ಶುದ್ಧ ಮಾಡ್ತಾ ಕೂತ್ಕೊಳ್ತದೆ. ಕೃಷ್ಣ, ಇದರ ಜವಾಬ್ದಾರಿ ನಿಂದು, ಆಯ್ತಾ?"

"ಆಯ್ತು ಧಣಿ."

"ಮತ್ತೆ, ಯಾರೂ ಬಿಚ್ಚಲಿಕ್ಕೆ ಹೋಗ್ಬೇಡಿ," ಎಂದ ಉಪೇಂದ್ರ. "ಗ್ಯಾರಂಟಿ ಹೋಗ್ತದೆ."

ಯಂತ್ರದ ಪಕ್ಕ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ಮಿಥುನ್ ಅರ್ಜಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ. "ನೋಡಿದ್ಯಾ?" ಎಂದ ಕೃಷ್ಣರಾಜ. ಆ ದಿನ ಅವನು ಹೊಯ್ದ ದೋಸೆಗಳೆಲ್ಲ ಕಾಗದದಷ್ಟು ತೆಳ್ಳಗೆ ಬಂದಿದ್ದವು.

ಕಿಟಕಿ ಮುಚ್ಚಿತು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಎಲ್ಲರೂ ಒಂದಿಷ್ಟು ಅಡ್ಡಾಗುವ ಹೊತ್ತು. ಕೆಳಗೆ ಸಣ್ಣ ಉರಿಯಲ್ಲಿ ಸಂಜೆಯ ಬೋಂಡಾಕ್ಕೆ ಎಣ್ಣೆ ಕಾಯುತ್ತಿತ್ತು. ಎಣ್ಣೆ ಬಾಣಲೆಯ ಮುಂದೆ ನಿಲ್ಲುವ ಗುಂಡಣ್ಣನಿಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಅರವತ್ತರ ಹತ್ತಿರದ ಮನುಷ್ಯ. ಎದ್ದು ಹೋಗಿ ಕಿಟಕಿಯ ಚಿಲಕ ತೆಗೆಯುತ್ತಿದ್ದ. ಕೃಷ್ಣರಾಜ ಎದ್ದು ಹೋಗಿ ಹಾಕುತ್ತಿದ್ದ.

"ಉಸಿರು ಕಟ್ತದೆ ಕೃಷ್ಣ."

"ಮಿಷನ್ ಇಲ್ವಾ? ಹಸಿರು ದೀಪ ಕಾಣೋದಿಲ್ವಾ ನಿಂಗೆ?"

"ದೀಪ ಕಾಣ್ತದೆ. ಗಾಳಿ ಕಾಣೋದಿಲ್ಲ."

"ಅಭ್ಯಾಸ ಆಗ್ಲಿಕ್ಕೆ ಸ್ವಲ್ಪ ದಿನ ಬೇಕು. ಮಲಗು."

ಒಂದು ದಿನ ಗುಂಡಣ್ಣ ರೇಗಿದ. "ನೀನು ದೋಸೆ ಹಾಕ್ಲಿಕ್ಕೆ ಬಂದವನಾ, ಧಣಿಯ ಕಿಟಕಿ ಕಾಯ್ಲಿಕ್ಕೆ ಬಂದವನಾ?" ಕೃಷ್ಣರಾಜನೂ ಬಿಡಲಿಲ್ಲ. ಇಬ್ಬರೂ ನಾಲ್ಕು ದಿನ ಮಾತು ಬಿಟ್ಟರು. ಆಮೇಲೆ ಗುಂಡಣ್ಣ ಕಿಟಕಿಯ ಹತ್ತಿರ ಹೋಗುವುದನ್ನೇ ನಿಲ್ಲಿಸಿದ. ಗೋಡೆಗೊರಗಿ ಕೂತು, ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಅವನು ಸೋತು ಒಪ್ಪಿಕೊಂಡ ಎಂದು ಕೃಷ್ಣರಾಜನಿಗೆ ಒಳಗೊಳಗೇ ಸಮಾಧಾನವಾಯಿತು.

ಯಂತ್ರ ಬಂದ ಎಂಟನೇ ತಿಂಗಳು, ಒಂದು ಮಂಗಳವಾರ, ಗುಂಡಣ್ಣ ಏಳಲಿಲ್ಲ. ತುಟಿ ನೀಲಿಯಾಗಿತ್ತು. ಮಿಥುನ್ ಮತ್ತು ಕೃಷ್ಣರಾಜ ಅವನನ್ನು ಎತ್ತಿಕೊಂಡು ಮೆಟ್ಟಿಲಿಳಿದು, ಆಟೋದಲ್ಲಿ ಹಾಕಿ ಸರ್ಕಾರಿ ಆಸ್ಪತ್ರೆಗೆ ಒಯ್ದರು. ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, "ಹೊಗೆಯಲ್ಲೇ ಇರ್ತಾರಾ ಇವರು?" ಎಂದು ತಮಿಳಿನಲ್ಲಿ ಕೇಳಿದಳು. ಆ ಪ್ರಶ್ನೆ ಕೃಷ್ಣರಾಜನ ತಲೆಯಲ್ಲಿ ಕೂತುಬಿಟ್ಟಿತು.

ಧಣಿ ಸಂಜೆ ಬಂದು ಹಣ್ಣು ಕೊಟ್ಟು ಹೋದರು. ಹೋಗುವಾಗ, "ಬೀಡಿ ಚಟ ಮಾರಾಯ. ನಾವೆಂತ ಮಾಡ್ಲಿಕ್ಕಾಗ್ತದೆ?" ಎಂದರು. ಗುಂಡಣ್ಣ ವಡಪಳನಿ ಮುರುಗನ ಗುಡಿಯಲ್ಲಿ ಆಣೆ ಮಾಡಿ ಬೀಡಿ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅದು ಧಣಿಗೂ ಗೊತ್ತಿತ್ತು. ಕೃಷ್ಣರಾಜ, ಧಣಿಗೆ ಮರೆತುಹೋಗಿರಬೇಕು ಅಂದುಕೊಂಡ.

ಗುಂಡಣ್ಣ ವಾಪಸು ಬರುವಷ್ಟರಲ್ಲಿ ಯಂತ್ರವನ್ನು ಒಮ್ಮೆ ಚೊಕ್ಕ ಮಾಡಿಸಿಡಬೇಕು ಎಂದು ಅವನಿಗೆ ತೋಚಿತು. ಉಪೇಂದ್ರನನ್ನು ಕೇಳಿದರೆ, "ಅದಕ್ಕೆಂತ ಚೊಕ್ಕ ಮಾಡೋದು? ಅದೇ ಚೊಕ್ಕ ಮಾಡುವ ಮಿಷನ್," ಎಂದು ನಕ್ಕ.

ದಿನಾ ಬೆಳಿಗ್ಗೆ ಇಡ್ಲಿಗೆ ಬರುವ ಪ್ರಣಮ್ಯಾ ನೆನಪಾದಳು. ರೈಲ್ವೆ ಕೆಲಸಕ್ಕೆಂದು ಬಂದು ಪಕ್ಕದ ವೆಸ್ಟ್ ಮಾಂಬಲಂನಲ್ಲಿ ನೆಲೆಸಿದ ಕನ್ನಡ ಮನೆತನದ ಹುಡುಗಿ. ಮನೆಬಳಕೆಯ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಬೆನ್ನಿಗೆ ಯಾವಾಗಲೂ ಟೂಲ್ ಬ್ಯಾಗು. ಕೃಷ್ಣರಾಜ ಸಂಕೋಚದಿಂದಲೇ ಕೇಳಿದ.

"ಮೂರೂವರೆಗೆ ಬರ್ತೀನಿ ಅಂಕಲ್. ದುಡ್ಡೆಲ್ಲಾ ವೇಂಡಾಂ, ಬೇಡ. ಒಂದು ಕಾಪಿ ಕೊಡಿ, ಪೋದುಂ, ಅಷ್ಟು ಸಾಕು," ಎಂದಳು.

ಕೋಣೆಯ ಬಾಗಿಲಿಗೆ ಬಂದವಳೇ ಕೆಮ್ಮಿದಳು. ದುಪಟ್ಟಾ ಮೂಗಿಗೆ ಕಟ್ಟಿಕೊಂಡಳು.

"ಮೊದ್ಲು ಪ್ಲಗ್ ತೆಗೀರಿ ಅಂಕಲ್. ಕರೆಂಟ್ ಇರೋವಾಗ ಇದನ್ನ ಬಿಚ್ಚಬಾರದು." ಹಿಂದಿನ ಮುಚ್ಚಳ ಎಳೆದಳು. ಒಂದು ಜಾಳಿಗೆ ಹೊರಬಂತು. ಅದರ ಮೇಲೆ ಎಣ್ಣೆ ಕುಡಿದ ಧೂಳು ಕಂಬಳಿಯಂತೆ ಕೂತಿತ್ತು. "ಇದನ್ನ ವಾರ ವಾರ ತೊಳೀಬೇಕು. ಪೂರ್ತಿ ಒಣಗಿಸಿ ಹಾಕಬೇಕು. ಯಾರೂ ಹೇಳಿಲ್ವಾ?"

"ಬಿಚ್ಚಬಾರದು ಅಂದಿದ್ರು."

ಅವಳು ಒಳಗೆ ಕೈ ಹಾಕಿ ದಪ್ಪನೆಯ ಚೌಕಾಕಾರದ ವಸ್ತುವೊಂದನ್ನು ಎಳೆದಳು. ಎಳೆದವಳು ಹಾಗೇ ನಿಂತಳು.

"ಅಯ್ಯಯ್ಯೋ. ಎನ್ನ ಅಂಕಲ್ ಇದು, ಏನಿದು?"

ಪ್ಲಾಸ್ಟಿಕ್ ಕವರು. ಅಂಗಡಿಯಿಂದ ಬಂದಾಗಿನ ಕವರು, ನಾಲ್ಕು ಕಡೆಯೂ ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು. ಹೊರಗೆ ಜಿಡ್ಡು. ಒಳಗೆ ಹಾಲಿನಷ್ಟು ಬಿಳುಪು.

"ಇದೇ ಫಿಲ್ಟರ್. ಇದರೊಳಗೆ ಗಾಳಿ ಹೋದ್ರೇನೇ ಕ್ಲೀನ್ ಆಗೋದು. ಕವರ್ ತೆಗೀದೇ ಓಡ್ಸಿದೀರಾ! ಎಂಟು ತಿಂಗ್ಳು ಇದು ಬರೀ ಫ್ಯಾನು, ಅಂಕಲ್. ನಿಮ್ಮ ಹೊಗೇನೇ ತಗೊಂಡು ನಿಮ್ಮ ಮೇಲೇ ಊದಿದೆ."

"ಹಸಿರು ದೀಪ ಇತ್ತಲ್ಲಮ್ಮ."

"ಅದು ಕರೆಂಟ್ ದೀಪ. ಆನ್ ಆಗಿದೆ ಅಂತ, ಅಷ್ಟೇ." ಅವಳು ಕಿಟಕಿಯನ್ನೂ ಜಾಲಿಯನ್ನೂ ನೋಡಿದಳು. ದನಿ ಇಳಿಯಿತು. "ಕವರ್ ತೆಗೆದಿದ್ರೂ ಇಲ್ಲಿ ಸಾಕಾಗ್ತಿರಲಿಲ್ಲ. ಅಡುಗೆ ಹೊಗೆ ಇಷ್ಟು ಬರೋ ಕಡೆ ಕಿಟಕಿ ಮುಚ್ಚಲೇಬಾರದು. ಮೊದ್ಲು ಆ ಕೊಳವೆ ಇಲ್ಲಿಂದ ಹೋಗ್ಬೇಕು. ಮಿಷನ್ ಆಮೇಲೆ. ಕಿಟಕಿ ಮುಚ್ಚಿ ಅಂತ ಯಾರು ಹೇಳಿದ್ದು?"

ಕೃಷ್ಣರಾಜ ತನ್ನ ಚಾಪೆಯ ಮೇಲೆ ಕೂತ. ಪಕ್ಕದ ಚಾಪೆ ಗುಂಡಣ್ಣನದು.

ಪ್ರಣಮ್ಯಾ ಹೋದ ಮೇಲೆ ಅವನು ಫಿಲ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಧಣಿಯ ಕೋಣೆಗೆ ನಡೆದ. ಆಗಲೂ ಅವನ ಮನಸ್ಸು ಹುಡುಕುತ್ತಿದ್ದುದು ಒಂದೇ. ಉಪೇಂದ್ರ ಮರೆತಿರಬೇಕು. ಧಣಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾದರೆ ಉಪೇಂದ್ರನಿಗೆ ಬೈಯುತ್ತಾರೆ. ಅಷ್ಟು ಸಾಕಾಗಿತ್ತು ಅವನಿಗೆ.

"ಧಣಿ, ಇದರ ಕವರೇ ತೆಗೆದಿಲ್ಲ."

ಧಣಿ ಮೊಬೈಲಿನಿಂದ ತಲೆಯೆತ್ತಿದರು. ಆಶ್ಚರ್ಯ ಕಾಣಲಿಲ್ಲ. "ಯಾರು ಬಿಚ್ಚಿದ್ದು ಅದನ್ನು?"

"ನಾನೇ ಬಿಚ್ಚಿಸಿದೆ."

"ಬಿಚ್ಚಬೇಡಿ ಅಂದಿರಲಿಲ್ವಾ?" ಎದ್ದು ಬಾಗಿಲು ಮುಂದೆ ಮಾಡಿದರು. "ನೋಡು ಕೃಷ್ಣ, ನೀನು ನಮ್ಮವನು, ಹೇಳ್ತೇನೆ. ಆ ಎಣ್ಣೆ ಹೊಗೆಗೆ ಫಿಲ್ಟರ್ ಎರಡು ತಿಂಗಳೂ ತಡೆಯೋದಿಲ್ಲ ಅಂತ ಅಂಗಡಿಯವನೇ ಹೇಳಿದ. ಆಮೇಲೆ ಹೊಸತು ತರ್ತಾ ಇರ್ಬೇಕು. ಇನ್ಸ್‌ಪೆಕ್ಟರ್ ಬಂದರೆ ತೋರಿಸ್ಲಿಕ್ಕೆ ಒಂದು ಮಿಷನ್ ಬೇಕಿತ್ತು, ಅಷ್ಟೇ. ಕವರ್ ಹಾಗೇ ಇದ್ರೆ ನಾಳೆ ಮನೆಗಾದ್ರೂ ಆಗ್ತದೆ. ನಿಮಗೂ ಎಂತ ಕಮ್ಮಿಯಾಯ್ತು? ತಣ್ಣಗೆ ಗಾಳಿ ಬರ್ತಿತ್ತಲ್ಲ?"

"ಗುಂಡಣ್ಣ ಸಾಯ್ಲಿಕ್ಕಾಗಿದ್ದ, ಧಣಿ."

"ಅವನದ್ದು ಬೀಡಿ."

"ಬಿಟ್ಟು ಹನ್ನೆರಡು ವರ್ಷ ಆಯ್ತು. ನಿಮಗೆ ಗೊತ್ತುಂಟು."

"ದನಿ ಏರಿಸ್ಬೇಡ." ಧಣಿ ಮತ್ತೆ ಮೆತ್ತಗಾದರು. ಭುಜದ ಮೇಲೆ ಕೈಯಿಟ್ಟರು. "ನೀನು ಹೇಳಿದ್ರೆ ಅವರೆಲ್ಲ ಕೇಳ್ತಾರೆ. ಅದಕ್ಕೇ ಅಲ್ವಾ ನಿನ್ನ ಕೈಗೆ ಕೊಟ್ಟದ್ದು? ಉಪೇಂದ್ರ ಹೇಳಿದ್ರೆ ಆ ಮಿಥುನ್ ಒಂದು ದಿನ ಕಿಟಕಿ ಮುಚ್ಚಿಟ್ಟಿರ್ತಿದ್ನಾ? ಈಗ್ಲೂ ಹಾಗೇ ಸುಮ್ಮನಿರಿಸು. ಗುಂಡಣ್ಣನ್ನ ನಾಳೆ ಊರಿಗೆ ಕಳಿಸ್ತೇನೆ."

ಭುಜದ ಮೇಲಿನ ಕೈ ಅಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಆ ಕೈ ಭುಜಕ್ಕೆ ಬಂದಾಗೆಲ್ಲ ಕೃಷ್ಣರಾಜನ ಎದೆ ಉಬ್ಬುತ್ತಿತ್ತು. ಇಂದು ಅದು ಭಾರವೆನಿಸಿತು. ತಾಯಿ ಸತ್ತಾಗ ಕೊಟ್ಟ ಕಾರೂ ಇದಕ್ಕೇನಾ ಎಂಬ ಯೋಚನೆ ಬಂತು. ಗೊತ್ತಾಗಲಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದೂ ಇಲ್ಲ. ಅದಕ್ಕೇ ಹೆಚ್ಚು ಉರಿಯಿತು. ಹಿಂದಕ್ಕೆ ಸರಿದ. ಕೈ ತಾನಾಗಿ ಜಾರಿತು.

ಸಂಜೆಯ ತಿಂಡಿ ಮುಗಿದ ಮೇಲೆ ಅವನು ಎಲ್ಲರನ್ನೂ ಕೂರಿಸಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ತನ್ನ ಕೈಗೆ ಯಾಕೆ ಕೊಟ್ಟರು ಎಂಬುದನ್ನೂ ಹೇಳಿದ. ಫಿಲ್ಟರು ಕೈಯಿಂದ ಕೈಗೆ ಹೋಯಿತು. ಕೊನೆಗೆ ಮಿಥುನ್ ಎದ್ದು ನಿಂತ.

"ಕೃಷ್ಣಣ್ಣ, ಧಣಿ ಮೇಲೆ ನಂಗೆ ಸಿಟ್ಟಿಲ್ಲ. ಅವರು ಧಣಿ, ಅವರ ಕೆಲಸ ಅವರು ಮಾಡಿದ್ರು. ನೀವು ನಮ್ಮ ಜೊತೆ ಮಲಗ್ತಿದ್ರಿ."

"ಹೌದು."

"ಅರ್ಜಿ ಹಾಕಿದ್ರೆ ಗುಂಡಣ್ಣ ಇವತ್ತು ಇಲ್ಲಿರ್ತಿದ್ದ."

"ಹೌದು ಮಾರಾಯ. ಹೊಡಿ ಬೇಕಾದ್ರೆ."

ಮಿಥುನ್ ಹೊಡೆಯಲಿಲ್ಲ. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಆಮೇಲೆ ಪೆಟ್ಟಿಗೆ ತೆರೆದು ಕಾಗದ ತೆಗೆದ.

ಮರುದಿನ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಲಿಲ್ಲ. ಆರಕ್ಕೂ ಹೊತ್ತಲಿಲ್ಲ. ಸಿನಿಮಾ ಸ್ಟುಡಿಯೋಗೆ ಹೋಗುವ ಲೈಟ್‌ಮನ್‌ಗಳು ಬಂದು ಖಾಲಿ ಮೇಜು ನೋಡಿ, "ಎನ್ನ ಮಾಸ್ಟರ್, ಲೀವಾ?" ಎಂದು ಕೇಳಿದರು. ಯಾಕೆಂದು ಕೃಷ್ಣರಾಜ ಅವರಿಗೆ ತಮಿಳಿನಲ್ಲೇ ಹೇಳಿದ. ಒಬ್ಬ ಫಿಲ್ಟರಿನ ಫೋಟೋ ತೆಗೆದುಕೊಂಡ. ಇನ್ನೊಬ್ಬ, "ನಾವು ಬೇರೆ ಕಡೆ ತಿಂತೀವಿ, ನೀವು ಹೋಗಿ," ಎಂದ.

ಏಳು ಜನ ಆಸ್ಪತ್ರೆ ಮುಟ್ಟಿದಾಗ ಉಪೇಂದ್ರ ಆಗಲೇ ವಾರ್ಡಿನಲ್ಲಿದ್ದ. ಹೊರಗೆ ಕಾರು ನಿಂತಿತ್ತು. ಗುಂಡಣ್ಣನ ಮೂಗಿಗೆ ಆಮ್ಲಜನಕದ ನಳಿಕೆ. ಮುಂದೆ ಒಂದು ಕಾಗದ, ಪೆನ್ನು.

"ನಾನಾಗೇ ಕೆಲಸ ಬಿಟ್ಟು ಊರಿಗೆ ಹೋಗ್ತೇನೆ ಅಂತ ಒಂದು ಸಹಿ ಹಾಕು ಗುಂಡಣ್ಣ. ಮನೆ ಬಾಗಿಲಿಗೇ ಬಿಡ್ತಾರೆ," ಎನ್ನುತ್ತಿದ್ದ ಉಪೇಂದ್ರ.

ಕೃಷ್ಣರಾಜ ಮಂಚದ ಹತ್ತಿರ ಹೋದ. ಫಿಲ್ಟರನ್ನು ಗುಂಡಣ್ಣನ ಮಡಿಲಲ್ಲಿಟ್ಟ. "ಇದು ಮಿಷನ್ನಿನ ಒಳಗಿತ್ತು. ಕವರ್ ಸಮೇತ. ಧಣಿಗೆ ಗೊತ್ತಿತ್ತು. ನಂಗೆ ಗೊತ್ತಿರಲಿಲ್ಲ. ಆದ್ರೂ ಕಿಟಕಿ ಹಾಕಿದವನು ನಾನು."

ಗುಂಡಣ್ಣ ಕವರಿನ ಮೇಲೆ ಬೆರಳಾಡಿಸಿದ. ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಮಾತಾಡಿದ.

"ಹೊಗೆ ಹೋಗ್ತಾ ಇಲ್ಲ ಅಂತ ನಂಗೆ ಗೊತ್ತಿತ್ತು ಕೃಷ್ಣ. ಆದ್ರೆ ನೀನು ಹೇಳಿದ ಮೇಲೆ ಮಿಷನ್ ಸರಿ ಇರ್ಬೇಕು, ನನ್ನ ಎದೆಯೇ ಸರಿ ಇಲ್ಲ ಅಂತ ಅಂದ್ಕೊಂಡೆ."

ಕೃಷ್ಣರಾಜ ತಲೆ ತಗ್ಗಿಸಿದ. ಗುಂಡಣ್ಣ ಪೆನ್ನನ್ನು ಉಪೇಂದ್ರನ ಕಡೆಗೆ ತಳ್ಳಿದ.

"ಕಾರು ವಾಪಸು ತಕೊಂಡು ಹೋಗು. ನಾನು ಇಲ್ಲೇ ಇರ್ತೇನೆ. ಲೇಬರ್ ಆಫೀಸಿನವರು ಬರ್ಲಿ, ನನ್ನ ಎದೆ ನೋಡ್ಲಿ."

ಉಪೇಂದ್ರ ಫೋನು ತೆಗೆದ. ಮಿಥುನ್ ಅವನನ್ನು ಮತ್ತೆ ಮಂಚದ ಹತ್ತಿರ ಬಿಡಲಿಲ್ಲ. ಇಬ್ಬರು ಗುಂಡಣ್ಣನ ಮಂಚದ ಪಕ್ಕ ಕೂತರು. ಉಳಿದ ಐವರು ಹೊರಟರು.

ಲೇಬರ್ ಆಫೀಸಿನಲ್ಲಿ ಹನ್ನೊಂದೂವರೆಯವರೆಗೂ ಕಾದರು. ಅಷ್ಟರಲ್ಲಿ ಧಣಿಯ ಫೋನು ಆರು ಸಲ ಬಂತು. ಕೋಣೆಗೆ ಬೀಗ ಹಾಕಿದ್ದಾರೆ, ಗಂಟುಮೂಟೆ ಬೀದಿಯಲ್ಲಿದೆ ಎಂದು ಹೋಟೆಲಿನ ಪಕ್ಕದ ಹೂವಿನ ಅಂಗಡಿಯವಳು ಫೋನು ಮಾಡಿ ಹೇಳಿದಳು. ಕೃಷ್ಣರಾಜ, "ಇರ್ಲಿ," ಎಂದ.

ಒಳಗೆ ಕರೆದರು. ಕನ್ನಡಕ ಹಾಕಿದ ಅಧಿಕಾರಿಣಿ ಅರ್ಜಿ ಓದಿ, ಫೈಲಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ಯಂತ್ರ, ಸುತ್ತ ನಗುವ ಎಂಟು ಮುಖ. "ನಿಮ್ಮ ಧಣಿ ಇದನ್ನು ಆಗಲೇ ಕೊಟ್ಟಿದ್ದಾರೆ. ಇದರಲ್ಲಿ ಎಲ್ಲರೂ ಖುಷಿಯಾಗಿದ್ದೀರಿ," ಎಂದಳು ತಮಿಳಿನಲ್ಲಿ. "ಈಗ ಏನು ದೂರು?"

ಉಳಿದ ನಾಲ್ವರೂ ಕೃಷ್ಣರಾಜನನ್ನು ನೋಡಿದರು. ಅವನು ಕುರ್ಚಿಯಲ್ಲಿ ಕೂರಲಿಲ್ಲ.

"ನನ್ನ ಹೆಸರು ಕೃಷ್ಣರಾಜ, ಅಮ್ಮ. ಆ ಕೋಣೆಯ ಕಿಟಕಿ ಎಂಟು ತಿಂಗಳು ಮುಚ್ಚಿದವನು ನಾನು. ಮೊದಲು ಅದನ್ನು ಬರೆದುಕೊಳ್ಳಿ. ಯಾರು ಮುಚ್ಚಿಸಿದ್ದು ಅಂತ ಆಮೇಲೆ ಹೇಳ್ತೇನೆ, ಅದನ್ನೂ ಬಿಡದೆ ಬರೆದುಕೊಳ್ಳಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು.